ಸಂಬಳ ಸಾಲುತ್ತಿಲ್ಲ, ಸಾಲ ತೀರುತ್ತಿಲ್ಲ: ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಮೂರ್ನಾಲ್ಕು ಕಡೆ ಸಾಲ ಇದೆ. ತಿಂಗಳ ಕೊನೆಗೆ ಕೈಯಲ್ಲಿ ಅಷ್ಟೋ ಇಷ್ಟೋ ಉಳಿಯುತ್ತದೆ. ಅದನ್ನು ಉಳಿತಾಯಕ್ಕೆ ಹಾಕಲೋ, ಸಾಲಕ್ಕೆ ಕಟ್ಟಲೋ? ಸಾಲಕ್ಕಾದರೆ ಮೊದಲು ಯಾವುದಕ್ಕೆ?"

ಬಡ್ಡಿ ಹೆಚ್ಚಿರುವುದಕ್ಕೆ ಮೊದಲು ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಇದು ಗೊತ್ತಿದ್ದೇ ಸಾಲ ತೀರಿಸಲು ಹೊರಟವರು ಎಷ್ಟೋ ಸಲ ಕೆಲವೇ ತಿಂಗಳಲ್ಲಿ ಹಳೆಯ ಜಾಗಕ್ಕೇ ಬಂದು ನಿಲ್ಲುತ್ತಾರೆ. ಅವರನ್ನು ಕೆಡವುವುದು ಬಡ್ಡಿಯಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚು. ಇದ್ದಬದ್ದ ಹಣವನ್ನೆಲ್ಲ ಸಾಲಕ್ಕೆ ಕಟ್ಟಿರುತ್ತಾರೆ. ಅಷ್ಟರಲ್ಲಿ ಶಾಲೆಯ ಶುಲ್ಕವೋ ವಿಮೆಯ ಕಂತೋ ಎದುರಿಗೆ ಬರುತ್ತದೆ, ತೀರಿಸಿದ ಕಾರ್ಡನ್ನೇ ಮತ್ತೆ ಉಜ್ಜುತ್ತಾರೆ. ಹಾಗಾಗಿ ಈ ಲೇಖನದಲ್ಲಿ ಸಾಲ ಕಟ್ಟುವ ಹಂತ ತುಸು ತಡವಾಗಿ ಬರುತ್ತದೆ. ಮೊದಲ ಹಂತಗಳನ್ನು ಹಾರಿಸಬೇಡಿ.

ಬೇಕಾಗುವುದು ಇಷ್ಟು: ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರತಿ ಸಾಲದ ಇತ್ತೀಚಿನ ಸ್ಟೇಟ್‌ಮೆಂಟ್ ಮತ್ತು ಕರಾರು ಪತ್ರ, ಒಂದು ನೋಟ್‌ಬುಕ್ ಅಥವಾ ಎಕ್ಸೆಲ್ ಹಾಳೆ, ಬಿಡುವಾದ ಅರ್ಧ ದಿನ. ಮನೆಯಲ್ಲಿ ದುಡಿಯುವವರು, ಖರ್ಚು ಮಾಡುವವರು ಎಲ್ಲರೂ ಒಟ್ಟಿಗೆ ಕೂರಬೇಕು. ಒಬ್ಬರು ಗುಟ್ಟಾಗಿ ಇಟ್ಟುಕೊಂಡ ಸಾಲ ಇಡೀ ಲೆಕ್ಕವನ್ನೇ ಕೆಡಿಸುತ್ತದೆ. ಕೆಳಗಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ, ಆ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ.

1. ಎಲ್ಲ ಸಾಲಗಳನ್ನೂ ಒಂದೇ ಹಾಳೆಗೆ ತನ್ನಿ

ಪ್ರತಿ ಸಾಲಕ್ಕೂ ಒಂದು ಸಾಲು. ಬರೆಯಬೇಕಾದ್ದು: ಯಾರಿಗೆ ಕೊಡಬೇಕು, ಇವತ್ತಿಗೆ ಬಾಕಿ ಇರುವ ಅಸಲು ಎಷ್ಟು, ವಾರ್ಷಿಕ ಬಡ್ಡಿದರ, ತಿಂಗಳ ಕಂತು, ಕಂತಿನ ತಾರೀಖು, ಇನ್ನೆಷ್ಟು ಕಂತು ಉಳಿದಿವೆ, ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಉಂಟೇ, ಏನಾದರೂ ಅಡವಿಟ್ಟಿದ್ದೀರಾ, ಯಾರಾದರೂ ಜಾಮೀನು ನಿಂತಿದ್ದಾರಾ.

ಬಿಟ್ಟುಹೋಗುವುದು ಸಾಮಾನ್ಯವಾಗಿ ಸಣ್ಣಪುಟ್ಟವು: ಸಂಬಂಧಿಕರಿಂದ ಪಡೆದ ಕೈಗಡ, ಕೆಲಸದ ಕಡೆ ತೆಗೆದುಕೊಂಡ ಮುಂಗಡ, ಅಂಗಡಿಯ ಉದ್ರಿ, ಫೋನಿನ ಮೇಲೆ ಓಡುತ್ತಿರುವ "ಬಡ್ಡಿಯಿಲ್ಲದ" ಕಂತು. ಇವೂ ತಿಂಗಳ ಹಣವನ್ನು ಕಚ್ಚುತ್ತವೆ, ಬರೆದುಕೊಳ್ಳಿ. ನೀವು ಬೇರೆಯವರಿಗೆ ಜಾಮೀನು ನಿಂತಿದ್ದರೆ ಅದನ್ನು ಹಾಳೆಯ ಕೆಳಗೆ ಪ್ರತ್ಯೇಕವಾಗಿ ಗುರುತು ಮಾಡಿ. ಅವರು ಕಟ್ಟದಿದ್ದರೆ ಹೊರೆ ನಿಮ್ಮದಾಗುತ್ತದೆ.

ಇನ್ನು ಬಡ್ಡಿದರ. ಎಲ್ಲವನ್ನೂ ಒಂದೇ ಅಳತೆಗೆ ತರದೆ ಹೋಲಿಸಬೇಡಿ. ಎರಡು ಕಡೆ ಲೆಕ್ಕ ತಪ್ಪುತ್ತದೆ.

ಒಂದು, ತಿಂಗಳ ಬಡ್ಡಿ. "ನೂರಕ್ಕೆ ಮೂರು" ಅಂದಾಗ ಮೂರು ಎಂಬ ಅಂಕಿ ಸಣ್ಣದಾಗಿ ಕೇಳಿಸುತ್ತದೆ. ಅದು ವರ್ಷಕ್ಕೆ ಶೇ. 36. ಕಟ್ಟದೆ ಬಿಟ್ಟ ಬಡ್ಡಿ ಅಸಲಿಗೆ ಸೇರುತ್ತ ಹೋಗುವ ಚಕ್ರಬಡ್ಡಿಯಾದರೆ ವರ್ಷದ ಕೊನೆಗೆ ಶೇ. 42.6 ಆಗಿರುತ್ತದೆ.

ಎರಡು, ಫ್ಲಾಟ್ ದರ. ಅಂದರೆ ನೀವು ಅಸಲನ್ನು ತಿಂಗಳು ತಿಂಗಳು ತೀರಿಸುತ್ತಿದ್ದರೂ ಮೊದಲ ದಿನದ ಪೂರ್ತಿ ಅಸಲಿನ ಮೇಲೆಯೇ ಕೊನೆಯವರೆಗೆ ಬಡ್ಡಿ ಹಾಕುವ ಪದ್ಧತಿ. 1,00,000 ಸಾಲ, ಫ್ಲಾಟ್ ಶೇ. 12, ಎರಡು ವರ್ಷ ಎಂದುಕೊಳ್ಳಿ. ಬಡ್ಡಿ 24,000, ಒಟ್ಟು 1,24,000, ತಿಂಗಳ ಕಂತು ಸುಮಾರು 5,167. ಇದೇ ಕಂತನ್ನು ಇಳಿಯುವ ಬಾಕಿಯ ಪದ್ಧತಿಯಲ್ಲಿ, ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ, ದರ ಸುಮಾರು ಶೇ. 21.5. ಶೇ. 15ರ ಇನ್ನೊಂದು ಸಾಲದ ಪಕ್ಕದಲ್ಲಿ ಈ "12" ಅಗ್ಗ ಎನಿಸುತ್ತದೆ, ವಾಸ್ತವದಲ್ಲಿ ಅದೇ ದುಬಾರಿ. ಎಕ್ಸೆಲ್‌ನಲ್ಲಿ ರೇಟ್ ಎಂಬ ಸೂತ್ರಕ್ಕೆ ಕಂತಿನ ಸಂಖ್ಯೆ, ಕಂತಿನ ಮೊತ್ತ (ಮುಂದೆ ಮೈನಸ್ ಚಿಹ್ನೆ), ಸಾಲದ ಮೊತ್ತ ಕೊಡಿ. ಬಂದದ್ದನ್ನು 12ರಿಂದ ಗುಣಿಸಿದರೆ ನಿಜವಾದ ವಾರ್ಷಿಕ ದರ ಸಿಗುತ್ತದೆ. ಸಂಸ್ಕರಣಾ ಶುಲ್ಕ ಕಳೆದು ಸಾಲ ಕೊಟ್ಟಿದ್ದರೆ, ಸೂತ್ರಕ್ಕೆ ಹಾಕಬೇಕಾದ್ದು ನಿಮ್ಮ ಕೈಗೆ ಬಂದ ಮೊತ್ತ. "ಬಡ್ಡಿಯಿಲ್ಲದ" ಕಂತಿನ ನಿಜವೂ ಈ ಸೂತ್ರದಲ್ಲಿ ಹೊರಬೀಳುತ್ತದೆ.

2. ಹೋದ ವರ್ಷದ ಖರ್ಚನ್ನು ಓದಿ, ಊಹಿಸಬೇಡಿ

ಬಜೆಟ್ ಎಂದ ಕೂಡಲೇ ಹಲವರು ಹೊಸ ಹಾಳೆಯಲ್ಲಿ "ದಿನಸಿಗೆ ಇಷ್ಟು, ಪೆಟ್ರೋಲಿಗೆ ಇಷ್ಟು" ಎಂದು ಇಷ್ಟಬಂದ ಅಂಕಿ ಬರೆಯುತ್ತಾರೆ. ಅದು ಆಸೆಯ ಪಟ್ಟಿ. ನಿಮಗೆ ಬೇಕಾದದ್ದು ಸ್ಟೇಟ್‌ಮೆಂಟಿನಲ್ಲಿದೆ. 12 ತಿಂಗಳ ಪ್ರತಿ ಖರ್ಚನ್ನೂ ಮೂರು ಗುಂಪಿಗೆ ಹಾಕಿ:

- ತಪ್ಪಿಸಲಾಗದ ತಿಂಗಳ ಖರ್ಚು: ಬಾಡಿಗೆ, ದಿನಸಿ, ವಿದ್ಯುತ್, ನೀರು, ಔಷಧ, ಓಡಾಟ, ಎಲ್ಲ ಸಾಲದ ಕಂತುಗಳು.
- ಕೈಯಲ್ಲಿರುವ ಖರ್ಚು: ಹೊರಗಿನ ಊಟ, ಬಟ್ಟೆ, ಚಂದಾ ಸೇವೆಗಳು, ಆನ್‌ಲೈನ್ ಖರೀದಿ.
- ತಿಂಗಳಿಗೆ ಬಾರದ, ಆದರೆ ಬಂದೇ ಬರುವ ಖರ್ಚು. ಇದು ಮುಂದಿನ ಹಂತಕ್ಕೆ.

ಎಟಿಎಂನಿಂದ ತೆಗೆದ ನಗದು ಎಲ್ಲಿ ಹೋಯಿತೆಂದು ನೆನಪಿರುವುದಿಲ್ಲ. ಅದನ್ನು ಅಂದಾಜಿನಲ್ಲಿ ಹಂಚದೆ "ನಗದು" ಎಂದೇ ಬರೆದಿಡಿ. ಈ ಮೊತ್ತ ಒಟ್ಟು ಖರ್ಚಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ, ಮುಂದಿನ 30 ದಿನ ನಗದು ಖರ್ಚನ್ನು ಅಂದಂದೇ ಬರೆದುಕೊಂಡು ಬಳಿಕ ಬಜೆಟ್ ಮಾಡಿ. ಕಾರ್ಡ್ ಬಿಲ್ ಕಟ್ಟಿದ ಮೊತ್ತವನ್ನು ಖರ್ಚು ಎಂದು ಸೇರಿಸಿ, ಕಾರ್ಡಿನಲ್ಲಿ ಕೊಂಡದ್ದನ್ನೂ ಸೇರಿಸಿದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಕೊಂಡದ್ದನ್ನು ಮಾತ್ರ ಎಣಿಸಿ.

ಆದಾಯದ ಕಡೆ ಕೈಗೆ ಬರುವ ಮೊತ್ತ ಮಾತ್ರ. ಬೋನಸ್, ಓವರ್‌ಟೈಮ್ ಸೇರಿಸಬೇಡಿ. ತಿಂಗಳಿಗೊಂದು ರೀತಿ ಆದಾಯ ಇರುವವರು ಸರಾಸರಿಗೆ ಹೋಗದೆ, 12 ತಿಂಗಳಲ್ಲಿ ಅತಿ ಕಡಿಮೆ ಬಂದ ಮೂರು ತಿಂಗಳ ಸರಾಸರಿಯನ್ನು ತಮ್ಮ ಸಂಬಳ ಎಂದುಕೊಳ್ಳಲಿ. ಅದಕ್ಕಿಂತ ಹೆಚ್ಚು ಬಂದದ್ದು ಬೇರೆ ಖಾತೆಗೆ ಹೋಗಬೇಕು, ಕಡಿಮೆ ಬಂದ ತಿಂಗಳು ಅಲ್ಲಿಂದ ತುಂಬಿಕೊಳ್ಳಬೇಕು.

3. ವರ್ಷದ ಖರ್ಚನ್ನು ತಿಂಗಳಿಗೆ ಒಡೆಯಿರಿ

ಇಡೀ ಯೋಜನೆ ನಿಲ್ಲುವುದು, ಬೀಳುವುದು ಇಲ್ಲೇ. ಹೋದ ವರ್ಷದ ಸ್ಟೇಟ್‌ಮೆಂಟಿನಿಂದ ಇಂಥವನ್ನು ಹೆಕ್ಕಿ: ಶುಲ್ಕ, ವಿಮೆ, ತೆರಿಗೆ, ವಾಹನದ ಸರ್ವಿಸ್ ಮತ್ತು ಟೈರು, ಮನೆ ರಿಪೇರಿ, ಪ್ರಯಾಣ, ಸಮಾರಂಭಗಳ ಉಡುಗೊರೆ, ಕನ್ನಡಕ, ಹಲ್ಲಿನ ಚಿಕಿತ್ಸೆ.

ಮಾದರಿಗೆ: ಶುಲ್ಕ 36,000, ವಿಮೆ 18,000, ವಾಹನ 12,000, ರಿಪೇರಿ 9,000, ಪ್ರಯಾಣ ಮತ್ತು ಉಡುಗೊರೆ 21,000. ಒಟ್ಟು 96,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 8,000. "ತಿಂಗಳಿಗೆ 10,000 ಉಳಿಯುತ್ತದೆ" ಎಂದುಕೊಂಡಿದ್ದ ಮನೆಯಲ್ಲಿ ನಿಜಕ್ಕೂ ಉಳಿಯುವುದು 2,000 ಎಂದು ಗೊತ್ತಾಗುವುದು ಈ ಹಂತದಲ್ಲಿ. ಬೇಸರವಾಗುತ್ತದೆ, ಆದರೆ ಹಾಳೆಯ ಮೇಲೆ ಈಗಲೇ ಗೊತ್ತಾಗುವುದು ಮೇಲು.

ಈ 8,000 ಸಂಬಳ ಬಂದ ಮರುದಿನವೇ ಪ್ರತ್ಯೇಕ ಉಳಿತಾಯ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಆ ಖಾತೆಗೆ ಡೆಬಿಟ್ ಕಾರ್ಡ್ ಬೇಡ, ಫೋನಿನ ಪಾವತಿ ಆಪ್‌ಗೆ ಜೋಡಿಸುವುದೂ ಬೇಡ.

ವರ್ಷದ ನಡುವೆ ಶುರು ಮಾಡುವವರು ಒಂದು ವಿಷಯ ಗಮನಿಸಿ. 36,000 ಶುಲ್ಕ ಇನ್ನು ನಾಲ್ಕು ತಿಂಗಳಲ್ಲಿ ಕಟ್ಟಬೇಕಿದ್ದರೆ ತಿಂಗಳಿಗೆ 3,000 ಇಟ್ಟರೆ ಕೈಯಲ್ಲಿರುವುದು 12,000. ಈ ಮೊದಲ ಸುತ್ತಿಗೆ ತಿಂಗಳಿಗೆ 9,000 ಬೇಕು. ಅಂದರೆ ಮೊದಲ ವರ್ಷ ಭಾರ ಹೆಚ್ಚು, ಎರಡನೇ ವರ್ಷದಿಂದ ಸಮನಾಗುತ್ತದೆ. ಹಾಳೆಯಲ್ಲಿ ಪ್ರತಿ ಖರ್ಚಿನ ಎದುರು ಅದು ಬರುವ ತಿಂಗಳನ್ನೂ ಬರೆಯಿರಿ. ಮೊದಲ ಕೆಲವು ತಿಂಗಳು ಸಾಲಕ್ಕೆ ಹೆಚ್ಚುವರಿ ಕಟ್ಟಲು ಏನೂ ಉಳಿಯದಿದ್ದರೂ ಚಿಂತೆಯಿಲ್ಲ. ಹೊಸ ಸಾಲ ಹುಟ್ಟದಂತೆ ಬಾಗಿಲು ಮುಚ್ಚುವುದೇ ಮೊದಲ ಗೆಲುವು.

4. ಸಣ್ಣದೊಂದು ಆಪತ್ಕಾಲದ ನಿಧಿ

ಸಾಲಕ್ಕೆ ಕೈಹಾಕುವ ಮುಂಚೆ ಒಂದು ತಿಂಗಳ ತಪ್ಪಿಸಲಾಗದ ಖರ್ಚಿನಷ್ಟು ಹಣ ಬೇರೆ ಇರಲಿ. ಕಾಯಿಲೆ, ಕೆಟ್ಟ ಗಾಡಿ, ತಡವಾದ ಸಂಬಳ ಇಂಥವಕ್ಕೆ. ಮೂರರಿಂದ ಆರು ತಿಂಗಳ ಖರ್ಚಿನ ದೊಡ್ಡ ನಿಧಿ ದುಬಾರಿ ಸಾಲಗಳು ತೀರಿದ ಮೇಲೆ ಸಾಕು.

ದೊಡ್ಡ ನಿಧಿ ಈಗಲೇ ಏಕೆ ಬೇಡ? ಠೇವಣಿಯಲ್ಲಿ ಶೇ. 6 ಬಡ್ಡಿ ಬರುತ್ತಿದೆ, ತಲೆಯ ಮೇಲಿನ ಸಾಲಕ್ಕೆ ಶೇ. 15 ಹೋಗುತ್ತಿದೆ ಎಂದರೆ, ಠೇವಣಿಯಲ್ಲಿರುವ ಪ್ರತಿ ಒಂದು ಲಕ್ಷವೂ ವರ್ಷಕ್ಕೆ 9,000 ನಷ್ಟ ಮಾಡುತ್ತಿದೆ. "ಉಳಿತಾಯ ಮುರಿಯಬಾರದು" ಎಂಬ ಮಾತಿಗೆ ಕಟ್ಟುಬಿದ್ದು ಎರಡನ್ನೂ ಒಟ್ಟಿಗೆ ಸಾಕುವವರು ಬಹಳ ಜನ. ಆದರೆ ಒಂದು ವಿನಾಯಿತಿ: ಕೆಲಸ ಭದ್ರವಿಲ್ಲದವರು, ಒಬ್ಬರ ದುಡಿಮೆಯಲ್ಲೇ ಮನೆ ನಡೆಯುವವರು ಎರಡು ತಿಂಗಳ ಖರ್ಚನ್ನಾದರೂ ಇಟ್ಟುಕೊಂಡೇ ಮುಂದುವರಿಯಲಿ.

5. ಹೆಚ್ಚುವರಿ ಹಣ ಒಂದೇ ಸಾಲಕ್ಕೆ

ಈಗ ನಿಜವಾಗಿ ಉಳಿಯುವ ಮೊತ್ತ ಗೊತ್ತಾಗಿದೆ. ಎಲ್ಲ ಸಾಲಗಳ ಕಡ್ಡಾಯ ಕಂತನ್ನೂ ತಪ್ಪದೆ ಕಟ್ಟಿ, ಉಳಿದದ್ದನ್ನೆಲ್ಲ ಅತಿ ಹೆಚ್ಚು ಬಡ್ಡಿಯ ಒಂದೇ ಸಾಲಕ್ಕೆ ಸುರಿಯಿರಿ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಂಚಬೇಡಿ.

ಒಂದು ಮನೆಯ ಲೆಕ್ಕ ನೋಡೋಣ. ಕಾರ್ಡಿನಲ್ಲಿ 60,000, ತಿಂಗಳಿಗೆ ಶೇ. 3, ಈಗ ಕಟ್ಟುತ್ತಿರುವುದು 3,000. ವೈಯಕ್ತಿಕ ಸಾಲ 1,50,000, ವರ್ಷಕ್ಕೆ ಶೇ. 15, ಕಂತು 6,000. ಹೆಚ್ಚುವರಿ ಹಣ ತಿಂಗಳಿಗೆ 6,000.

ಹೆಚ್ಚುವರಿ 6,000 ಕಾರ್ಡಿಗೆ ಸೇರಿದರೆ ತಿಂಗಳಿಗೆ 9,000 ಆಗುತ್ತದೆ, ಎಂಟನೇ ತಿಂಗಳಿಗೆ ಕಾರ್ಡು ಶೂನ್ಯ. ಅಷ್ಟರಲ್ಲಿ ವೈಯಕ್ತಿಕ ಸಾಲ ತನ್ನ ಕಂತಿನಿಂದಲೇ ಸುಮಾರು 1,15,500ಕ್ಕೆ ಇಳಿದಿರುತ್ತದೆ. ಇನ್ನು ಮುಖ್ಯವಾದದ್ದು: ಬಿಡುವಾದ 9,000 ಮನೆಖರ್ಚಿಗೆ ಹೋಗದೆ ಪೂರ್ತಿಯಾಗಿ ಎರಡನೇ ಸಾಲಕ್ಕೆ ಸೇರಬೇಕು. ಕಂತು 15,000 ಆಗಿ, ಶುರುವಿನಿಂದ 17 ತಿಂಗಳೊಳಗೆ ಎರಡೂ ಮುಗಿಯುತ್ತವೆ. ವೈಯಕ್ತಿಕ ಸಾಲವನ್ನು ಮಾಮೂಲಿ ಕಂತಿಗೇ ಬಿಟ್ಟಿದ್ದರೆ ಅದೊಂದಕ್ಕೇ 31 ತಿಂಗಳು ಬೇಕಿತ್ತು.

ಸಣ್ಣ ಸಾಲವನ್ನು ಮೊದಲು ತೀರಿಸುವ ಇನ್ನೊಂದು ಕ್ರಮವೂ ಬಳಕೆಯಲ್ಲಿದೆ. ಬಡ್ಡಿ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಒಂದು ಸಾಲ ಬೇಗ ಅಳಿಸಿಹೋದ ಧೈರ್ಯ ಸಿಗುತ್ತದೆ. ಬಡ್ಡಿದರಗಳ ನಡುವೆ ಎರಡು ಮೂರು ಶೇಕಡಾ ಅಂತರವಷ್ಟೇ ಇದ್ದರೆ ಈ ಕ್ರಮ ಆರಿಸಿಕೊಳ್ಳಬಹುದು. ಕಾರ್ಡ್ ಸಾಲ ಇರುವವರಿಗೆ ನಾವು ಇದನ್ನು ಹೇಳುವುದಿಲ್ಲ. ಬಡ್ಡಿಯಿಲ್ಲದ ಕೈಗಡ ಲೆಕ್ಕದ ಪ್ರಕಾರ ಕೊನೆಗೆ ಬರುತ್ತದೆ, ನಿಜ. ಆದರೂ ಕೊಟ್ಟವರಿಗೆ ಈಗಲೇ ತಾರೀಖು ಹೇಳಿ, ಸಣ್ಣ ಮೊತ್ತವನ್ನಾದರೂ ಪ್ರತಿ ತಿಂಗಳು ಕೊಡಿ. ಅವರಿಗೂ ಮನೆ ನಡೆಯಬೇಕು.

6. ಕಾರ್ಡಿನ ಕನಿಷ್ಠ ಪಾವತಿಯನ್ನು ನಂಬಬೇಡಿ

ಬಿಲ್ಲಿನಲ್ಲಿ ಎದ್ದು ಕಾಣುವ "ಕನಿಷ್ಠ ಮೊತ್ತ" ಖಾತೆ ಸುಸ್ತಿಯಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಸಾಲ ತೀರಿಸಲು ಅದು ನೆರವಾಗುವುದಿಲ್ಲ. 1,00,000 ಬಾಕಿ, ತಿಂಗಳಿಗೆ ಶೇ. 3 ಬಡ್ಡಿ, ಕನಿಷ್ಠ ಪಾವತಿ ಬಾಕಿಯ ಶೇ. 5 ಎಂದುಕೊಳ್ಳಿ. ಮೊದಲ ತಿಂಗಳು ಬಡ್ಡಿ ಸೇರಿ 1,03,000 ಆಯಿತು, ನೀವು 5,150 ಕಟ್ಟಿದಿರಿ, ಉಳಿದದ್ದು 97,850. ಮುಂದಿನ ತಿಂಗಳು ಬಾಕಿ ಇಳಿದ ಹಾಗೆ ಕನಿಷ್ಠ ಮೊತ್ತವೂ ಇಳಿಯುತ್ತದೆ. ಹೀಗೇ 32 ತಿಂಗಳು ಹೋದರೆ ನೀವು ಕಟ್ಟಿದ್ದು ಸುಮಾರು 1,20,000, ಇನ್ನೂ ಬಾಕಿ ಸುಮಾರು 50,000.

ಅದೇ ಮೊದಲ ತಿಂಗಳ 5,150ನ್ನು ಇಳಿಸದೆ ಪ್ರತಿ ತಿಂಗಳೂ ಕಟ್ಟಿದರೆ 30 ತಿಂಗಳಲ್ಲಿ ಸಾಲ ಪೂರ್ತಿ ತೀರುತ್ತದೆ. ಹಾಗಾಗಿ ಬಿಲ್ಲಿನ ಕನಿಷ್ಠ ಮೊತ್ತ ಎಷ್ಟೇ ಇಳಿಯಲಿ, ನೀವು ಕಟ್ಟುವುದು ಇಳಿಯಬಾರದು. ಈ ಲೆಕ್ಕ ಸರಿಹೋಗಬೇಕಾದರೆ ಅದೇ ಕಾರ್ಡಿನಲ್ಲಿ ಹೊಸ ಖರೀದಿ ಇರಬಾರದು. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಾಮಾನ್ಯವಾಗಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕಾರ್ಡಿನಿಂದ ನಗದು ತೆಗೆಯುವುದಂತೂ ಬೇಡವೇ ಬೇಡ: ಅದಕ್ಕೆ ಶುಲ್ಕವೂ ಇದೆ, ಮೊದಲ ದಿನದಿಂದ ಬಡ್ಡಿಯೂ ಇದೆ.

7. ಎಲ್ಲ ಸಾಲ ಸೇರಿಸಿ ಒಂದೇ ಮಾಡಿಕೊಳ್ಳಬಹುದೇ?

ಬಡ್ಡಿದರ ಮಾತ್ರವಲ್ಲ, ಅವಧಿಯನ್ನೂ ನೋಡಿ ಉತ್ತರಿಸಬೇಕು. 1,00,000ಕ್ಕೆ ಶೇ. 18ರಂತೆ ಎರಡು ವರ್ಷ ಕಟ್ಟಿದರೆ ಕಂತು 4,992, ಒಟ್ಟು ಬಡ್ಡಿ ಸುಮಾರು 19,800. ಅದನ್ನೇ ಶೇ. 13ಕ್ಕೆ ಐದು ವರ್ಷದ ಸಾಲವಾಗಿ ಬದಲಿಸಿದರೆ ಕಂತು 2,275ಕ್ಕೆ ಇಳಿಯುತ್ತದೆ, ಬಡ್ಡಿ 36,500 ದಾಟುತ್ತದೆ. ದರ ಇಳಿಯಿತು, ಕಂತು ಇಳಿಯಿತು, ಹೋದ ಹಣ ಮಾತ್ರ ಹೆಚ್ಚಾಯಿತು. ಕಡಿಮೆ ದರಕ್ಕೆ ಬದಲಿಸಿ, ಹಳೆಯ ಕಂತನ್ನೇ ಮುಂದುವರಿಸುವುದಾದರೆ ಮಾತ್ರ ಲಾಭ. ಅವಧಿಗೆ ಮುಂಚೆ ತೀರಿಸಲು ಹೊಸ ಸಾಲದಲ್ಲಿ ಶುಲ್ಕವಿಲ್ಲ ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಸೇರಿಸಿದ ಮೇಲೆ ಖಾಲಿಯಾದ ಕಾರ್ಡುಗಳನ್ನು ಮುಚ್ಚಿ ಅಥವಾ ಮಿತಿ ತಗ್ಗಿಸಿ. ಇಲ್ಲವಾದರೆ ವರ್ಷದೊಳಗೆ ಹೊಸ ಸಾಲದ ಜೊತೆ ಹಳೆಯದೂ ತುಂಬಿಕೊಂಡಿರುತ್ತದೆ.

ಭದ್ರತೆಯಿಲ್ಲದ ಸಾಲವನ್ನು ಮನೆಯ ಮೇಲಿನ ಸಾಲವಾಗಿ ಬದಲಿಸುವಾಗ ಇನ್ನಷ್ಟು ಎಚ್ಚರ ಬೇಕು. ಬಡ್ಡಿ ಕಡಿಮೆಯಾಗುತ್ತದೆ, ಆದರೆ ಕಟ್ಟಲಾಗದೆ ಹೋದರೆ ಪಣಕ್ಕಿರುವುದು ಮನೆ.

ದೀರ್ಘಾವಧಿಯ ಗೃಹಸಾಲ ಉಳಿದೆಲ್ಲ ಸಾಲ ಮುಗಿದ ಮೇಲಿನ ಮಾತು. ಅಲ್ಲಿ ಮುಂಚಿತವಾಗಿ ಕಟ್ಟಿದಷ್ಟೂ ಗುಣ ಹೆಚ್ಚು. 20,00,000 ಸಾಲ, ಶೇ. 9, 20 ವರ್ಷ: ಕಂತು ಸುಮಾರು 17,995. ಮೊದಲ ತಿಂಗಳು ಅದರಲ್ಲಿ 15,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು 2,995. ಮೊದಲ ವರ್ಷದ ಕೊನೆಗೆ 1,00,000 ಹೆಚ್ಚುವರಿ ಕಟ್ಟಿ, ಕಂತನ್ನು ಹಾಗೇ ಉಳಿಸಿಕೊಂಡರೆ ಕೊನೆಯಲ್ಲಿ ಸುಮಾರು 27 ಕಂತುಗಳು ಕಳಚಿಹೋಗುತ್ತವೆ. ಕಟ್ಟುವಾಗ "ಈ ಮೊತ್ತ ಅಸಲಿಗೆ, ಕಂತು ಇಳಿಸದೆ ಅವಧಿ ಇಳಿಸಿ" ಎಂದು ಬರೆದುಕೊಡಿ. ಹೇಳದಿದ್ದರೆ ಮುಂದಿನ ಕಂತುಗಳ ಮುಂಗಡವೆಂದು ಜಮಾ ಆಗುವ ಸಾಧ್ಯತೆ ಇದೆ. ಬದಲಾಗುವ ಬಡ್ಡಿದರದ ಸಾಲವಾದರೆ ದರ ಏರಿದಾಗ ಕಂತು ಅಷ್ಟೇ ಇದ್ದು ಅವಧಿ ಬೆಳೆದಿರಬಹುದು. ವರ್ಷಕ್ಕೊಮ್ಮೆ ಉಳಿದ ಕಂತುಗಳ ಸಂಖ್ಯೆ ನೋಡಿ.

8. ಲೆಕ್ಕ ಕೂಡದೇ ಇದ್ದರೆ

ಎಲ್ಲ ಕಡಿತದ ನಂತರವೂ ಕಡ್ಡಾಯ ಕಂತಿಗೇ ಹಣ ಸಾಲದಿದ್ದರೆ ಮೇಲಿನ ಕ್ರಮ ಅನ್ವಯಿಸುವುದಿಲ್ಲ. ಆಗ ಮೊದಲು ಊಟ, ವಾಸ, ಔಷಧ, ವಿದ್ಯುತ್. ನಂತರ ಮನೆ ಅಥವಾ ದುಡಿಮೆಗೆ ಬೇಕಾದ ವಾಹನ ಅಡವಿರುವ ಸಾಲ. ಉಳಿದವು ಆಮೇಲೆ. ಜೋರಾಗಿ ಫೋನ್ ಮಾಡುವವರಿಗೆ ಮೊದಲು ಕಟ್ಟುವುದು ಸಹಜ, ಆದರೆ ಗದರುವ ದನಿಗೂ ಸಾಲದ ಮಹತ್ವಕ್ಕೂ ಸಂಬಂಧವಿಲ್ಲ.

ಕಂತು ತಪ್ಪುವ ಮುಂಚೆಯೇ ಸಾಲ ಕೊಟ್ಟವರ ಬಳಿ ಹೋಗಿ. ತಪ್ಪಿದ ಮೇಲೆ ಸಿಗದ ದಾರಿಗಳು ಮುಂಚೆ ಸಿಗುತ್ತವೆ. ನಿಮ್ಮ ಬಜೆಟ್ ಹಾಳೆ ಜೊತೆಗಿರಲಿ, ನಿಮ್ಮಿಂದ ಖಂಡಿತ ಕಟ್ಟಲಾಗುವ ಮೊತ್ತವನ್ನೇ ಹೇಳಿ. ಒಪ್ಪಿಕೊಂಡದ್ದೆಲ್ಲ ಬರಹದಲ್ಲಿ ಬರಲಿ. ಕಂತಿಗೆ ಕೆಲವು ತಿಂಗಳ ಬಿಡುವು ಸಿಕ್ಕರೆ, ಆ ತಿಂಗಳುಗಳ ಬಡ್ಡಿ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ ಎಂಬುದು ನೆನಪಿರಲಿ. ಬಾಕಿಗಿಂತ ಕಡಿಮೆ ಮೊತ್ತಕ್ಕೆ ರಾಜಿಯಾದರೆ ಸಾಲ ಮುಗಿಯುತ್ತದೆ, ಆದರೆ ಕ್ರೆಡಿಟ್ ವರದಿಯಲ್ಲಿ "ಪೂರ್ತಿ ತೀರಿದೆ" ಎಂದು ಬಾರದೆ "ರಾಜಿ" ಎಂದು ದಾಖಲಾಗಿ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಒಂದರ ಕಂತಿಗೆ ಇನ್ನೊಂದು ಸಾಲ ತೆಗೆಯಬೇಡಿ. ಮೊತ್ತ ಬರೆಯದ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

9. ಸಾಲ ತೀರಿದ ದಿನದ ಕೆಲಸ

ಕೊನೆಯ ಕಂತು ಕಟ್ಟುವ ಮುಂಚೆ "ಈ ತಾರೀಖಿಗೆ ಪೂರ್ತಿ ಮುಚ್ಚಲು ಎಷ್ಟು" ಎಂದು ಬರಹದಲ್ಲಿ ಕೇಳಿ. ಕೊನೆಯ ಸ್ಟೇಟ್‌ಮೆಂಟಿನ ನಂತರದ ದಿನಗಳ ಬಡ್ಡಿ ಸೇರದೆ ನೂರಿನ್ನೂರು ಬಾಕಿ ಉಳಿದು, ಅದಕ್ಕೆ ದಂಡ ಬೆಳೆದು, ತೀರಿದೆ ಎಂದುಕೊಂಡ ಸಾಲ ಸುಸ್ತಿಯಾಗಿ ಕಾಣಿಸಿಕೊಳ್ಳುವುದುಂಟು. ಕಟ್ಟಿದ ಮೇಲೆ ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ಅಡವಿಟ್ಟ ಮೂಲ ದಾಖಲೆಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ನೋಡಿ ಪಡೆದುಕೊಳ್ಳಿ. ಕೊಟ್ಟಿದ್ದ ಚೆಕ್ಕುಗಳನ್ನು ವಾಪಸ್ ಕೇಳಿ. ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಅನುಮತಿಯನ್ನು ಬ್ಯಾಂಕಿನಲ್ಲಿ ರದ್ದುಮಾಡಿ. ಆಸ್ತಿಯ ಅಥವಾ ವಾಹನದ ದಾಖಲೆಯಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಅದನ್ನು ತೆಗೆಸುವ ಅರ್ಜಿ ಹಾಕಿ, ಇದು ತಾನಾಗಿ ಆಗುವುದಿಲ್ಲ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ಆ ಸಾಲದ ಎದುರು "ಮುಚ್ಚಲಾಗಿದೆ" ಎಂದಿದೆಯೇ ನೋಡಿ. ಇಲ್ಲದಿದ್ದರೆ ಬಾಕಿಯಿಲ್ಲ ಎಂಬ ಪತ್ರದ ಪ್ರತಿ ಲಗತ್ತಿಸಿ ತಿದ್ದುಪಡಿಗೆ ಬರೆಯಿರಿ.